ಉದ್ಯಮಗಳಿಂದ ನಗರ ಕೇಳಬೇಕಾದದ್ದು ಏನು?

ಪ್ರಶ್ನೆ: ನಾನು ಮಧ್ಯಮ ಗಾತ್ರದ ನಗರವೊಂದರ ಪೌರಾಡಳಿತದಲ್ಲಿ ಪರಿಸರ ವಿಭಾಗದ ಹೊಣೆ ಹೊತ್ತಿದ್ದೇನೆ. ನಗರದ ಸುಸ್ಥಿರತೆಗೆ ಕೈಜೋಡಿಸುತ್ತೇವೆಂದು ಇಲ್ಲಿನ ಉದ್ಯಮಿಗಳ ಸಂಘ ತಾನಾಗಿಯೇ ಮುಂದೆ ಬಂದಿದೆ, ಒಡಂಬಡಿಕೆಗೆ ಸಹಿಯೂ ಆಗಿದೆ. ಆದರೆ ಗಿಡ ನೆಡುವುದು, ಉದ್ಯಾನಗಳನ್ನು ದತ್ತು ಪಡೆಯುವುದು, ಜಾಗೃತಿ ಜಾಥಾ ನಡೆಸುವುದು ಇವುಗಳಿಂದಾಚೆಗೆ ಕೆಲಸ ಸಾಗುತ್ತಿಲ್ಲ. ದೊಡ್ಡ ಯೋಜನೆಗಳನ್ನು ಅವರೊಂದಿಗೆ ಕೈಗೊಂಡರೆ ನಗರವನ್ನೇ ಅವರಿಗೆ ಒಪ್ಪಿಸಿದಂತಾದೀತು ಎಂಬ ಆತಂಕ ನಮ್ಮ ಚುನಾಯಿತ ಸದಸ್ಯರಲ್ಲಿದೆ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಬಿಟ್ಟುಕೊಡಬಾರದು?

ಉತ್ತರ: ನಿಮ್ಮ ಪತ್ರವನ್ನು ಓದಿದರೆ ಕೆಲಸ ನಿಂತಿರುವುದಕ್ಕೆ ಉದ್ಯಮಿಗಳ ನಿರಾಸಕ್ತಿಯಾಗಲಿ ನಿಮ್ಮ ವಿಭಾಗದ ಹಿಂಜರಿಕೆಯಾಗಲಿ ಕಾರಣವೆಂದು ಅನ್ನಿಸುವುದಿಲ್ಲ. ನಗರ ಅವರಿಂದ ಕೇಳಿದ್ದು ಲಾಭದಲ್ಲಿ ಒಂದಿಷ್ಟು ಪಾಲನ್ನು. ಕೇಳಬೇಕಾಗಿದ್ದುದು ಅವರು ತಮ್ಮ ಕಟ್ಟಡ, ಕಾರ್ಖಾನೆ, ಗೋದಾಮು ಮತ್ತು ವಾಹನಗಳನ್ನು ನಡೆಸುವ ರೀತಿಯಲ್ಲಿಯೇ ಬದಲಾವಣೆಯನ್ನು. ಒಂದು ಕಂಪನಿ ಉದ್ಯಾನವೊಂದಕ್ಕೆ ವರ್ಷಕ್ಕೆ ಕೊಡುವ ಹಣ ಎಷ್ಟೇ ಇರಲಿ, ಅದೇ ಕಂಪನಿಯ ಹವಾನಿಯಂತ್ರಣ ಯಂತ್ರಗಳು ರಾತ್ರಿಯಿಡೀ ಖಾಲಿ ಕೋಣೆಗಳನ್ನು ತಂಪು ಮಾಡುತ್ತಿದ್ದರೆ, ಅದರ ಹಿತ್ತಲಿನ ಕಾಂಕ್ರೀಟಿನ ಮೇಲೆ ಬಿದ್ದ ಮಳೆನೀರೆಲ್ಲ ನಗರದ ಚರಂಡಿಗೆ ನುಗ್ಗುತ್ತಿದ್ದರೆ, ಆ ಹಣದಿಂದ ನಗರದ ಹೊರೆ ಇಳಿಯುವುದಿಲ್ಲ. ದೇಣಿಗೆ ಕೊಡುವುದು ಉದ್ಯಮಕ್ಕೆ ಸುಲಭ, ಪಡೆಯುವುದು ನಗರಕ್ಕೂ ಸುಲಭ. ಹಾಗಾಗಿಯೇ ಇಂಥ ಒಡಂಬಡಿಕೆಗಳು ಬಹುತೇಕ ಕಡೆ ಅಲ್ಲಿಗೇ ನಿಲ್ಲುತ್ತವೆ.

ಯಾರ ಕೈಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡಬೇಕು. ನಗರದಲ್ಲಿ ಖರ್ಚಾಗುವ ಇಂಧನದಲ್ಲಿ ಪೌರಾಡಳಿತದ ಸ್ವಂತ ಕಚೇರಿಗಳು, ಬೀದಿದೀಪಗಳು ಮತ್ತು ವಾಹನಗಳ ಪಾಲು ಸಣ್ಣದು. ಉಳಿದದ್ದೆಲ್ಲ ಮನೆಗಳದು, ಕಚೇರಿ ಕಟ್ಟಡಗಳದು, ಅಂಗಡಿ, ಆಸ್ಪತ್ರೆ, ಕಾರ್ಖಾನೆಗಳದು, ಸರಕು ಸಾಗಿಸುವ ವಾಹನಗಳದು. ನಗರ ತನ್ನ ಮನೆಯನ್ನು ಎಷ್ಟೇ ಚೊಕ್ಕಟವಾಗಿಟ್ಟುಕೊಂಡರೂ ಒಟ್ಟು ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನೊಂದು ಕಡೆ, ಕಟ್ಟಡ ನಿಯಮಗಳನ್ನು ರೂಪಿಸುವುದು, ರಸ್ತೆಯ ಬಳಕೆಯನ್ನು ನಿರ್ಧರಿಸುವುದು, ನೆಲದಡಿಯಲ್ಲಿ ಕೊಳವೆ ಹಾಕುವುದು, ಎಲ್ಲರ ಬಳಕೆಯ ಅಂಕಿಅಂಶಗಳನ್ನು ಒಂದೆಡೆ ಸೇರಿಸಿ ಪ್ರಕಟಿಸುವುದು, ಹತ್ತಾರು ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಇವು ಯಾವ ಕಂಪನಿಯಿಂದಲೂ ಆಗದ, ಆಡಳಿತಕ್ಕೆ ಮಾತ್ರ ಸಾಧ್ಯವಾದ ಕೆಲಸಗಳು. ಸಹಯೋಗವೆಂಬುದು ಈ ಎರಡು ಬಗೆಯ ಅಧಿಕಾರಗಳು ಒಂದಕ್ಕೊಂದು ಕೂಡಿಕೊಂಡಾಗ ಮಾತ್ರ ಫಲ ಕೊಡುತ್ತದೆ. ಯಶಸ್ಸು ಕಂಡ ನಗರಗಳ ಅನುಭವದಲ್ಲಿ ನನಗೆ ಎದ್ದು ಕಾಣುವುದು ಇದೇ.

ಆರಂಭ ಲೆಕ್ಕದಿಂದಲೇ ಆಗಬೇಕು. ಟೋಕಿಯೊ ಮಹಾನಗರ ಆಡಳಿತ 2010ರ ಏಪ್ರಿಲ್‌ನಲ್ಲಿ ದೊಡ್ಡ ಕಟ್ಟಡಗಳು ಮತ್ತು ಕಾರ್ಖಾನೆಗಳ ಇಂಗಾಲದ ಹೊರಸೂಸುವಿಕೆಗೆ ಮಿತಿ ಹಾಕಿ, ಮಿತಿಗಿಂತ ಹೆಚ್ಚು ಉಳಿಸಿದವರು ಕೊರತೆ ಬಿದ್ದವರಿಗೆ ಅದನ್ನು ಮಾರಬಹುದಾದ ವ್ಯವಸ್ಥೆಯನ್ನು ಜಾರಿಗೆ ತಂದಿತು. ವರ್ಷಕ್ಕೆ 1,500 ಕಿಲೋಲೀಟರ್ ಕಚ್ಚಾತೈಲಕ್ಕೆ ಸಮನಾದಷ್ಟು ಅಥವಾ ಅದಕ್ಕಿಂತ ಹೆಚ್ಚು ಇಂಧನ ಬಳಸುವ ಸಾವಿರಕ್ಕೂ ಮಿಕ್ಕ ಕಟ್ಟಡ ಹಾಗೂ ಕಾರ್ಖಾನೆಗಳು ಇದರ ವ್ಯಾಪ್ತಿಗೆ ಬಂದವು. ಕಚೇರಿ ಕಟ್ಟಡಗಳನ್ನು ಇಂಥ ವ್ಯವಸ್ಥೆಯೊಳಗೆ ತಂದ ಜಗತ್ತಿನ ಮೊದಲ ನಗರ ಅದು. ಆದರೆ ಈ ಕಥೆಯನ್ನು ಹೇಳುವಾಗ ಜನ 2010ರಿಂದ ಆರಂಭಿಸುತ್ತಾರೆ. ನಿಮಗೆ ಬೇಕಾದ ಪಾಠ 2002ರಲ್ಲಿದೆ. ಆ ವರ್ಷ ಟೋಕಿಯೊ ಕೇಳಿದ್ದು ವರದಿಯನ್ನು ಮಾತ್ರ: ಎಷ್ಟು ಇಂಧನ ಬಳಸುತ್ತೀರಿ, ಕಡಿಮೆ ಮಾಡಲು ಏನು ಯೋಚಿಸಿದ್ದೀರಿ, ತಿಳಿಸಿ. ಮಿತಿ ಹಾಕುವ ಹೊತ್ತಿಗೆ ಆಡಳಿತದ ಬಳಿ ಹಲವು ವರ್ಷಗಳ ಅಂಕಿಅಂಶಗಳಿದ್ದವು, ಕಂಪನಿಗಳಲ್ಲಿ ಅದನ್ನು ಬರೆದಿಡಲು ಕಲಿತ ಸಿಬ್ಬಂದಿಯಿದ್ದರು, ಸ್ವಯಂಪ್ರೇರಣೆಯೊಂದರಿಂದಲೇ ಬೇಕಾದಷ್ಟು ಇಳಿಕೆ ಬರುವುದಿಲ್ಲ ಎಂಬುದಕ್ಕೆ ಸಾಕ್ಷ್ಯವೂ ಇತ್ತು.

ಆ ನಿಯಮದ ಒಳಗಿನ ಒಂದು ಅಂಶವನ್ನು ಹತ್ತಿರದಿಂದ ನೋಡಿ. ಇಳಿಕೆಯನ್ನು ಯಾವ ಮಟ್ಟದಿಂದ ಅಳೆಯಬೇಕು ಎಂಬುದು ಇಂಥ ಎಲ್ಲ ಯೋಜನೆಗಳಲ್ಲಿಯೂ ಜಗಳದ ಮೂಲ. ಮೊದಲೇ ಖರ್ಚು ಮಾಡಿ ಯಂತ್ರಗಳನ್ನು ಸುಧಾರಿಸಿಕೊಂಡ ಕಂಪನಿ, ಏನೂ ಮಾಡದೆ ಕುಳಿತ ಪಕ್ಕದ ಕಂಪನಿಗಿಂತ ಕಷ್ಟದ ಗುರಿಯನ್ನು ಹೊರಬೇಕಾಗಿ ಬಂದರೆ ಅದು ಅನ್ಯಾಯ, ಅಷ್ಟೇ ಅಲ್ಲ, ಮುಂದೆ ಯಾರೂ ಮೊದಲು ಹೆಜ್ಜೆ ಇಡದಂತೆ ಮಾಡುವ ವ್ಯವಸ್ಥೆ. ಟೋಕಿಯೊ ಇದಕ್ಕೆ ಕಂಡುಕೊಂಡ ದಾರಿ ಸರಳ. 2002ರಿಂದ 2007ರ ನಡುವಿನ ಯಾವುದೇ ಸತತ ಮೂರು ವರ್ಷಗಳ ಸರಾಸರಿಯನ್ನು ತಮ್ಮ ಆಧಾರವಾಗಿ ಆರಿಸಿಕೊಳ್ಳಲು ಕಂಪನಿಗಳಿಗೇ ಬಿಟ್ಟಿತು. ಅತ್ಯುತ್ತಮವಾಗಿ ನಡೆಯುತ್ತಿದ್ದ ಕಟ್ಟಡಗಳಿಗೆ ಗುರಿಯನ್ನೂ ಸಡಿಲಿಸಿತು. ಕಟ್ಟಡ ಅಥವಾ ಕಾರ್ಖಾನೆಯ ಬಗೆಗೆ ತಕ್ಕಂತೆ ಮೊದಲ ಐದು ವರ್ಷದ ಅವಧಿಗೆ ಗುರಿ ಶೇ. 6 ಅಥವಾ 8, ಎರಡನೆಯದಕ್ಕೆ ಶೇ. 15 ಅಥವಾ 17, ಮೂರನೆಯದಕ್ಕೆ ಶೇ. 25 ಅಥವಾ 27 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಗುರಿ ತಪ್ಪಿದವರು ಕೊರತೆಯ 1.3 ಪಟ್ಟನ್ನು ತುಂಬಿಕೊಡಬೇಕು ಎಂಬ ನಿಯಮ ಬೆನ್ನಿಗಿತ್ತು. 2014ರ ಹೊತ್ತಿಗೆ ಈ ಕಟ್ಟಡಗಳ ಒಟ್ಟು ಹೊರಸೂಸುವಿಕೆ ಆಧಾರ ಮಟ್ಟಕ್ಕಿಂತ ಶೇ. 25ರಷ್ಟು ಇಳಿದಿತ್ತು. ಇದರಲ್ಲಿ 2011ರ ಭೂಕಂಪದ ನಂತರ ಅನಿವಾರ್ಯವಾದ ವಿದ್ಯುತ್ ಉಳಿತಾಯದ ಪಾಲೂ ಇದೆ. ಆದರೆ ಆ ಉಳಿತಾಯದ ಅಭ್ಯಾಸವನ್ನು ಉಳಿಸಿಕೊಳ್ಳಲು ಬೇಕಾದ ಲೆಕ್ಕದ ವ್ಯವಸ್ಥೆ ಮೊದಲೇ ಇದ್ದುದು ಸಣ್ಣ ಸಂಗತಿಯಲ್ಲ.

ನ್ಯೂಯಾರ್ಕ್ ಹಿಡಿದ ದಾರಿಯೂ ಹೆಚ್ಚುಕಡಿಮೆ ಇದೇ ಕ್ರಮದ್ದು. 2007ರಲ್ಲಿ ವಿಶ್ವವಿದ್ಯಾಲಯಗಳಿಗೆ, ಆಮೇಲೆ ಆಸ್ಪತ್ರೆಗಳಿಗೆ ಮತ್ತು ಕಂಪನಿಗಳಿಗೆ, ಹತ್ತು ವರ್ಷದಲ್ಲಿ ಹೊರಸೂಸುವಿಕೆಯನ್ನು ಶೇ. 30ರಷ್ಟು ಇಳಿಸುವ ಸವಾಲನ್ನು ನಗರ ಮುಂದಿಟ್ಟಿತು. ಒಪ್ಪಿಕೊಂಡವರಲ್ಲಿ ಕೆಲವರು ಗಡುವಿಗಿಂತ ಬಹಳ ಮೊದಲೇ ಗುರಿ ಮುಟ್ಟಿದರು. 2009ರಲ್ಲಿ ದೊಡ್ಡ ಕಟ್ಟಡಗಳು ಇಂಧನ ಬಳಕೆಯನ್ನು ಪ್ರತಿವರ್ಷ ವರದಿ ಮಾಡುವುದು ಕಡ್ಡಾಯವಾಯಿತು. ಕೊನೆಗೆ 2019ರಲ್ಲಿ, 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಿಗೆ 2024ರಿಂದ ಮಿತಿ, 2030ರಿಂದ ಇನ್ನೂ ಬಿಗಿಯಾದ ಮಿತಿ, ಮೀರಿದ ಪ್ರತಿ ಟನ್ನಿಗೆ 268 ಡಾಲರ್ ದಂಡ ಎಂಬ ಕಾನೂನು ಬಂತು. ಸ್ವಯಂಪ್ರೇರಿತವಾಗಿ ಮುಂದೆ ಬಂದವರು, ಗುರಿ ಸಾಧ್ಯವೆಂಬುದನ್ನು ತಮ್ಮ ಕಟ್ಟಡಗಳಲ್ಲಿ ತೋರಿಸಿಕೊಟ್ಟದ್ದರಿಂದಲೇ ಕಾನೂನಿಗೆ ನೆಲೆ ಸಿಕ್ಕಿತು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ನಿಮ್ಮ ಸಂಘದ ಉತ್ಸಾಹಿ ಸದಸ್ಯರನ್ನು ಕಾರ್ಯಕ್ರಮದ ಪ್ರಾಯೋಜಕರಂತೆ ನೋಡದೆ, ಮುಂದೆ ಎಲ್ಲರಿಗೂ ಅನ್ವಯಿಸಲಿರುವ ನಿಯಮಕ್ಕೆ ಮೊದಲ ಪುರಾವೆ ಒದಗಿಸುವವರಂತೆ ನೋಡಿ. ಹಾಗೆ ನೋಡುತ್ತಿದ್ದೀರಿ ಎಂದು ಅವರಿಗೆ ಮೊದಲೇ ತಿಳಿಸುವುದು ನ್ಯಾಯ.

ಲೆಕ್ಕ ಕೈಗೆ ಬಂದ ಕೂಡಲೇ ಎದುರಾಗುವ ಗಂಟು ಮಾಲೀಕ ಮತ್ತು ಬಾಡಿಗೆದಾರರ ನಡುವಿನದು. ಹತ್ತು ಮಹಡಿಯ ಬಾಡಿಗೆ ಕಚೇರಿ ಕಟ್ಟಡವೊಂದನ್ನು ತೆಗೆದುಕೊಳ್ಳಿ. ಮಾಳಿಗೆಯ ಮೇಲಿನ ಹಳೆಯ ತಂಪುಯಂತ್ರ ಮಾಲೀಕರದ್ದು, ಅದನ್ನು ಬದಲಿಸುವ ಖರ್ಚು ಅವರದ್ದು. ವಿದ್ಯುತ್ ಬಿಲ್ ಕಟ್ಟುವವರು ಬಾಡಿಗೆದಾರರು, ಹೊಸ ಯಂತ್ರದಿಂದ ಉಳಿಯುವ ಹಣ ಅವರದ್ದು. ಬಾಡಿಗೆ ಕರಾರು ಮುಗಿಯಲು ಎರಡೋ ಮೂರೋ ವರ್ಷ ಉಳಿದಿರುವಾಗ ಬಾಡಿಗೆದಾರರು ಬೇರೆಯವರ ಯಂತ್ರಕ್ಕೆ ಹಣ ಹಾಕುವುದಿಲ್ಲ. ತಮಗೆ ಉಳಿತಾಯವಿಲ್ಲದ ಕೆಲಸಕ್ಕೆ ಮಾಲೀಕರೂ ಹಾಕುವುದಿಲ್ಲ. ರಾತ್ರಿ ಎರಡು ಗಂಟೆಗೆ ಒಂದೇ ಮಹಡಿಯಲ್ಲಿ ನಾಲ್ಕು ಜನ ಕೆಲಸ ಮಾಡುತ್ತಿದ್ದರೂ ಇಡೀ ಕಟ್ಟಡದ ಪಂಪುಗಳು ಓಡುತ್ತಿರುತ್ತವೆ, ಏಕೆಂದರೆ ಮಹಡಿವಾರು ಮೀಟರ್ ಇಲ್ಲ, ಯಾರ ಬಳಕೆ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಇದು ಯಾರ ದುರಾಸೆಯ ಪ್ರಶ್ನೆಯೂ ಅಲ್ಲ. ಕರಾರು ಬರೆದ ರೀತಿಯಲ್ಲಿಯೇ ದೋಷವಿದೆ.

ಸಿಡ್ನಿ ನಗರ ಈ ಗಂಟನ್ನು ಬಿಡಿಸಲು 2011ರಲ್ಲಿ ನಗರ ಕೇಂದ್ರದ ದೊಡ್ಡ ಕಟ್ಟಡ ಮಾಲೀಕರ ಕೂಟವೊಂದನ್ನು ಕಟ್ಟಿತು. ಅದರ ಸದಸ್ಯರ ಕೈಯಲ್ಲಿ ಅಲ್ಲಿನ ಕಚೇರಿ ಜಾಗದ ಅರ್ಧಕ್ಕೂ ಹೆಚ್ಚು ಭಾಗವಿತ್ತು. ಪರಸ್ಪರ ಪೈಪೋಟಿ ನಡೆಸುವ ಈ ಮಾಲೀಕರು ಕಟ್ಟಡಗಳ ಇಂಧನ ಮತ್ತು ನೀರಿನ ಅಂಕಿಅಂಶಗಳನ್ನು ಹಂಚಿಕೊಂಡರು. ಸುಧಾರಣೆಯ ಖರ್ಚು ಮತ್ತು ಉಳಿತಾಯ ಎರಡನ್ನೂ ಇಬ್ಬರಿಗೂ ಹಂಚುವ ಬಾಡಿಗೆ ಕರಾರಿನ ಮಾದರಿಗಳನ್ನು ಸೇರಿ ಸಿದ್ಧಪಡಿಸಿದರು. ಇಂಥ ಮಾದರಿ ಕರಾರನ್ನು ಸಿದ್ಧಪಡಿಸಲು ನಗರಕ್ಕೆ ತಗಲುವ ವೆಚ್ಚ ತೀರಾ ಕಡಿಮೆ, ಪರಿಣಾಮ ಮಾತ್ರ ದೊಡ್ಡದು. ಅಮೆರಿಕದ ಬರ್ಕ್ಲಿ ನಗರ 2008ರಲ್ಲಿ ಆರಂಭಿಸಿದ ಇನ್ನೊಂದು ಉಪಾಯವೂ ಈ ಸಂದರ್ಭಕ್ಕೆ ಒದಗುತ್ತದೆ: ಸೌರಫಲಕದಂಥ ಸುಧಾರಣೆಗೆ ಕೊಟ್ಟ ಸಾಲವನ್ನು ಆಸ್ತಿ ತೆರಿಗೆಯ ಬಿಲ್ಲಿನೊಂದಿಗೆ ಕಂತುಗಳಲ್ಲಿ ವಸೂಲು ಮಾಡುವುದು. ಸಾಲ ಮಾಲೀಕರ ಬೆನ್ನಿಗೆ ಅಂಟಿಕೊಳ್ಳದೆ ಆಸ್ತಿಯ ಜೊತೆ ಉಳಿಯುತ್ತದೆ. ಕಟ್ಟಡ ಕೈಬದಲಾದರೆ ಉಳಿತಾಯವನ್ನು ಅನುಭವಿಸುವವರೇ ಕಂತನ್ನೂ ಕಟ್ಟುತ್ತಾರೆ. ತೆರಿಗೆಯ ಬಿಲ್ಲನ್ನು ಹೀಗೆ ಬಳಸಲು ನಗರದಿಂದ ಮಾತ್ರ ಸಾಧ್ಯ, ಬ್ಯಾಂಕಿನಿಂದಲ್ಲ.

ಒಬ್ಬರಿಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸದಲ್ಲಿ ನಗರದ ಪಾತ್ರ ಇನ್ನೂ ಆಳವಾದದ್ದು. ಡೆನ್ಮಾರ್ಕ್‌ನ ಕಲುಂಡ್‌ಬೋರ್ಗ್ ಎಂಬ ಪುಟ್ಟ ಬಂದರು ಪಟ್ಟಣದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿ ಒಂದು ತೈಲ ಶುದ್ಧೀಕರಣ ಘಟಕ, ಒಂದು ವಿದ್ಯುತ್ ಸ್ಥಾವರ, ಜಿಪ್ಸಮ್ ಹಲಗೆ ತಯಾರಿಸುವ ಕಾರ್ಖಾನೆ, ಔಷಧ ಮತ್ತು ಕಿಣ್ವ ತಯಾರಿಸುವ ಘಟಕಗಳು ಹಾಗೂ ಪಟ್ಟಣದ ಆಡಳಿತ ಹಲವು ದಶಕಗಳಿಂದ ನೀರು, ಹಬೆ, ಶಾಖ, ಉಪವಸ್ತುಗಳನ್ನು ಕೊಟ್ಟು ತೆಗೆದುಕೊಳ್ಳುತ್ತ ಬಂದಿವೆ. ವಿದ್ಯುತ್ ಸ್ಥಾವರದ ಹೆಚ್ಚುವರಿ ಹಬೆ ಶುದ್ಧೀಕರಣ ಘಟಕಕ್ಕೂ ಔಷಧ ಘಟಕಕ್ಕೂ ಹೋಯಿತು, ಅದರ ಶಾಖ ಪಟ್ಟಣದ ಸಾವಿರಾರು ಮನೆಗಳನ್ನು ಬೆಚ್ಚಗಿಟ್ಟಿತು, ಹೊಗೆಯಿಂದ ಗಂಧಕ ತೆಗೆಯುವಾಗ ಸಿಗುವ ಜಿಪ್ಸಮ್ ಹಲಗೆ ಕಾರ್ಖಾನೆಯ ಕಚ್ಚಾವಸ್ತುವಾಯಿತು.

ಇದನ್ನು ಯಾರೂ ಒಂದೇ ಸಲ ನಕ್ಷೆ ಬರೆದು ಕಟ್ಟಲಿಲ್ಲ. 1961ರಲ್ಲಿ, ಅಂತರ್ಜಲ ಸಾಲದ ಊರಿನಲ್ಲಿ ಶುದ್ಧೀಕರಣ ಘಟಕಕ್ಕೆ ನೀರು ಬೇಕಾದಾಗ, ಟಿಸ್ಸೊ ಸರೋವರದಿಂದ ಕೊಳವೆ ತರುವ ಹೊಣೆಯನ್ನು ಪಟ್ಟಣದ ಆಡಳಿತ ಹೊತ್ತಿತು, ಹಣವನ್ನು ಕಂಪನಿ ಕೊಟ್ಟಿತು. 1972ರಲ್ಲಿ ಶುದ್ಧೀಕರಣ ಘಟಕ ಸುಮ್ಮನೆ ಉರಿಸಿಬಿಡುತ್ತಿದ್ದ ಅನಿಲವನ್ನು ಪಕ್ಕದ ಹಲಗೆ ಕಾರ್ಖಾನೆ ಕೊಳ್ಳತೊಡಗಿತು. ಹೀಗೆ ಇಬ್ಬಿಬ್ಬರ ನಡುವಿನ ಒಂದೊಂದು ಕರಾರಾಗಿ, ಪ್ರತಿಯೊಂದೂ ತನ್ನ ಲೆಕ್ಕದಲ್ಲಿ ತಾನೇ ನಿಲ್ಲುವಂತೆ, ಜಾಲ ಬೆಳೆಯಿತು. ಘಟಕಗಳ ಮುಖ್ಯಸ್ಥರು ಒಂದೇ ಸಣ್ಣ ಊರಿನಲ್ಲಿದ್ದು ಪರಸ್ಪರ ಪರಿಚಿತರಾಗಿದ್ದುದು ಇದಕ್ಕೆ ನೆರವಾಯಿತು. ಅಂಥ ಪರಿಚಯ ದೊಡ್ಡ ನಗರಗಳಲ್ಲಿ ತಾನಾಗಿ ಬರುವುದಿಲ್ಲ, ಆಡಳಿತ ಅದನ್ನು ಕಟ್ಟಿಕೊಡಬೇಕು. ನಿಮ್ಮ ಕೈಗಾರಿಕಾ ಪ್ರದೇಶದ ಘಟಕಗಳು ಹೊರಗೆ ಬಿಡುವ ಬಿಸಿನೀರು, ಹಬೆ, ಬೂದಿ, ಮರದ ಪೆಟ್ಟಿಗೆ, ಸಾವಯವ ತ್ಯಾಜ್ಯ ಎಷ್ಟು, ಯಾವ ಹೊತ್ತಿನಲ್ಲಿ, ಎಷ್ಟು ಶುದ್ಧತೆಯಲ್ಲಿ ಎಂಬ ಪಟ್ಟಿಯೊಂದನ್ನು ತಯಾರಿಸಿ ಅವರ ಮುಂದಿಟ್ಟರೆ ಸಾಕು, ಒಂದೆರಡು ಜೋಡಿಗಳು ತಾವಾಗಿಯೇ ಹೊಂದಿಕೊಳ್ಳುವುದನ್ನು ಕಾಣುತ್ತೀರಿ.

ಎಚ್ಚರವೊಂದಿದೆ. ಕಲ್ಲಿದ್ದಲಿನ ಹೊಗೆಯಿಂದ ಬರುವ ಜಿಪ್ಸಮ್ ಕಲ್ಲಿದ್ದಲು ಇರುವವರೆಗೆ ಮಾತ್ರ ಬರುತ್ತದೆ, ಮತ್ತು ಕಲುಂಡ್‌ಬೋರ್ಗ್‌ನ ಸ್ಥಾವರ ಈಗ ಕಲ್ಲಿದ್ದಲನ್ನು ಬಿಟ್ಟು ಮರದ ಚಕ್ಕೆಗಳಿಗೆ ಬದಲಾಗಿದೆ. ಒಂದು ಮಾಲಿನ್ಯಕಾರಕ ಘಟಕದ ಉಪವಸ್ತುವಿನ ಮೇಲೆ ಇಡೀ ವ್ಯವಸ್ಥೆಯನ್ನು ನಿಲ್ಲಿಸಿದರೆ, ಆ ಘಟಕವನ್ನು ಮುಚ್ಚಬೇಕಾದ ದಿನ ಅದನ್ನು ಮುಚ್ಚದಿರಲು ಹತ್ತು ಹೊಸ ಕಾರಣಗಳು ಹುಟ್ಟಿಕೊಂಡಿರುತ್ತವೆ. ಕರಾರಿನ ಅವಧಿಯನ್ನು ನಿರ್ಧರಿಸುವಾಗ ಇದನ್ನು ನೆನಪಿಡಬೇಕು.

ನೀರಿನ ವಿಷಯದಲ್ಲಿ ಸಿಂಗಪುರದ ಉದಾಹರಣೆ ಸ್ಪಷ್ಟವಾಗಿದೆ. ಬಳಸಿದ ನೀರನ್ನು ಸೂಕ್ಷ್ಮ ಸೋಸುವಿಕೆ, ಹಿಮ್ಮುಖ ಆಸ್ಮೋಸಿಸ್ (ಒತ್ತಡ ಹಾಕಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ದಾಟಿಸುವುದು) ಮತ್ತು ಅತಿನೇರಳೆ ಕಿರಣಗಳಿಂದ ಶುದ್ಧಗೊಳಿಸಿ 2003ರಿಂದ ಅದು ಪೂರೈಸುತ್ತಿದೆ. ಅದರ ಬಹುಪಾಲು ಕುಡಿಯುವ ನಲ್ಲಿಗೆ ಹೋಗದೆ, ಪ್ರತ್ಯೇಕ ಕೊಳವೆಜಾಲದ ಮೂಲಕ ಅತಿಶುದ್ಧ ನೀರು ಬೇಕಾದ ಕಂಪ್ಯೂಟರ್ ಚಿಪ್ ಕಾರ್ಖಾನೆಗಳಿಗೆ ಮತ್ತು ದೊಡ್ಡ ಕಟ್ಟಡಗಳ ತಂಪುಗೋಪುರಗಳಿಗೆ ಹೋಗುತ್ತದೆ. ಕಾರ್ಖಾನೆಗೆ ಬರಗಾಲದಲ್ಲಿಯೂ ನಿಲ್ಲದ ನೀರು, ನಗರಕ್ಕೆ ನಂಬಿಕೆಯ ಗಿರಾಕಿ. 2015ರಿಂದ ಹೆಚ್ಚು ನೀರು ಬಳಸುವ ಸಂಸ್ಥೆಗಳು ಪ್ರತಿವರ್ಷ ನೀರಿನ ನಿರ್ವಹಣಾ ಯೋಜನೆಯನ್ನು ಸಲ್ಲಿಸುವುದೂ ಅಲ್ಲಿ ಕಡ್ಡಾಯ. ಕೊಳಚೆನೀರು ಸಂಸ್ಕರಣಾ ಘಟಕವನ್ನು ವಿಸ್ತರಿಸುವ ಯೋಚನೆ ನಿಮ್ಮಲ್ಲಿದ್ದರೆ, ಘಟಕದ ವಿನ್ಯಾಸ ಮುಗಿಯುವ ಮೊದಲೇ ಸಂಭಾವ್ಯ ಕೈಗಾರಿಕಾ ಗಿರಾಕಿಗಳೊಂದಿಗೆ ಕೂತು, ಅವರಿಗೆ ಯಾವ ಗುಣಮಟ್ಟದ ನೀರು ಬೇಕೆಂದು ಕೇಳಿ. ಕಟ್ಟಿದ ಮೇಲೆ ಕೇಳಿದರೆ ಕೊಳವೆ ಇರುವ ಕಡೆ ಗಿರಾಕಿ ಇರುವುದಿಲ್ಲ, ಗಿರಾಕಿ ಇರುವ ಕಡೆ ಕೊಳವೆ ಇರುವುದಿಲ್ಲ. ಶಾಖದ ವಿಷಯದಲ್ಲಿ ಸ್ಟಾಕ್‌ಹೋಮ್ ಇದನ್ನೇ ಮಾಡುತ್ತಿದೆ: ನಗರ ಅರ್ಧ ಪಾಲು ಹೊಂದಿರುವ ಶಾಖ ಪೂರೈಕೆ ಕಂಪನಿ, ದತ್ತಾಂಶ ಕೇಂದ್ರಗಳು ಹೊರಗೆ ಬಿಡುತ್ತಿದ್ದ ಬಿಸಿಯನ್ನು ಹಣ ಕೊಟ್ಟು ಕೊಂಡು ಮನೆಗಳಿಗೆ ಹರಿಸುತ್ತದೆ.

ಶುಲ್ಕವನ್ನು ಸರಿಯಾಗಿ ಬರೆದರೆ ಅದು ಒಡಂಬಡಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾ ನಿದರ್ಶನ. ಅಲ್ಲಿ ಮಳೆನೀರಿನ ನಿರ್ವಹಣೆಯ ಶುಲ್ಕವನ್ನು ಹಿಂದೆ ನೀರಿನ ಮೀಟರಿನ ಗಾತ್ರಕ್ಕೆ ಹೊಂದಿಸಿ ವಿಧಿಸಲಾಗುತ್ತಿತ್ತು. ಎಕರೆಗಟ್ಟಲೆ ಡಾಂಬರು ಹಾಕಿದ ವಾಹನ ನಿಲುಗಡೆ ಜಾಗಕ್ಕೆ ನಲ್ಲಿಯೇ ಇಲ್ಲ, ಹಾಗಾಗಿ ಶುಲ್ಕವೂ ಇಲ್ಲ. ಅದರ ಮೇಲೆ ಬಿದ್ದ ನೀರೆಲ್ಲ ಚರಂಡಿಗೆ. ಹಲವು ಮಹಡಿಗಳ ಕಟ್ಟಡಕ್ಕೆ ಮೀಟರ್ ದೊಡ್ಡದು, ಮಾಳಿಗೆ ಸಣ್ಣದು, ಆದರೂ ಶುಲ್ಕ ಹೆಚ್ಚು. 2010ರಿಂದ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ, ವಸತಿಯೇತರ ಆಸ್ತಿಗಳ ಶುಲ್ಕವನ್ನು ನೀರು ಇಂಗದ ನೆಲದ ವಿಸ್ತೀರ್ಣವನ್ನು ಮುಖ್ಯವಾಗಿ ನೋಡಿ ಲೆಕ್ಕ ಹಾಕುವ ಪದ್ಧತಿಗೆ ನಗರ ಬದಲಾಯಿತು. ಕೆಲವು ಗೋದಾಮುಗಳ ಬಿಲ್ ಹಲವು ಪಟ್ಟು ಏರಿತು, ಮಾಲೀಕರು ಪ್ರತಿಭಟಿಸಿದರು. ನಗರ ಏರಿಕೆಗೆ ವಾರ್ಷಿಕ ಮಿತಿ ಹಾಕಿತೇ ಹೊರತು ತತ್ವವನ್ನು ಬಿಡಲಿಲ್ಲ. ಮಳೆನೀರನ್ನು ತಮ್ಮ ಜಾಗದಲ್ಲಿಯೇ ಇಂಗಿಸಿದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿತು, ಇಂಗುಗುಂಡಿ, ಹಸಿರು ಮಾಳಿಗೆ ನಿರ್ಮಿಸುವವರಿಗೆ ಸಹಾಯಧನವನ್ನೂ ಕೊಟ್ಟಿತು. 2011ರಲ್ಲಿ ಆರಂಭವಾದ ಅಲ್ಲಿನ 25 ವರ್ಷಗಳ ಮಳೆನೀರು ಯೋಜನೆ, ನೆಲದಡಿಯಲ್ಲಿ ಭಾರಿ ಸುರಂಗಗಳನ್ನು ಕೊರೆಯುವ ಬದಲು ಇಂಥ ಸಾವಿರಾರು ಸಣ್ಣ ಕೆಲಸಗಳನ್ನೇ ನಂಬಿದೆ. ಅವುಗಳಲ್ಲಿ ಗಣನೀಯ ಭಾಗ ಖಾಸಗಿ ನೆಲದಲ್ಲಿ ಆಗಬೇಕಾದವು. ನಗರ ತನ್ನ ಸ್ವಂತ ಜಾಗದಲ್ಲಿ ಇಷ್ಟನ್ನು ಮಾಡಲು ಹೊರಟಿದ್ದರೆ ಜಾಗವೂ ಸಾಲುತ್ತಿರಲಿಲ್ಲ, ಹಣವೂ ಸಾಲುತ್ತಿರಲಿಲ್ಲ.

ಸೇರಿ ಕೊಳ್ಳುವುದು ಇನ್ನೊಂದು ದಾರಿ. 2017ರಲ್ಲಿ ಮೆಲ್ಬರ್ನ್ ನಗರಾಡಳಿತದ ಮುಂದಾಳತ್ವದಲ್ಲಿ ನೆರೆಯ ಪೌರಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಬ್ಯಾಂಕುಗಳು, ಅಂಚೆ ಸಂಸ್ಥೆ ಸೇರಿ ಒಟ್ಟು 14 ಸಂಸ್ಥೆಗಳು ಇನ್ನೂ ಕಟ್ಟಿರದ ಪವನ ವಿದ್ಯುತ್ ಘಟಕವೊಂದರಿಂದ ವರ್ಷಕ್ಕೆ 88 ಗಿಗಾವ್ಯಾಟ್ ಗಂಟೆ ವಿದ್ಯುತ್ತನ್ನು ದೀರ್ಘಾವಧಿಗೆ ಕೊಳ್ಳಲು ಒಪ್ಪಿದವು. ಖಚಿತ ಗಿರಾಕಿ ಸಿಕ್ಕಿದ್ದರಿಂದ ಕ್ರೌಲ್ಯಾಂಡ್ಸ್ ಎಂಬಲ್ಲಿ 80 ಮೆಗಾವ್ಯಾಟ್ ಘಟಕ ಎದ್ದು ನಿಂತಿತು. ಇವರಲ್ಲಿ ಒಬ್ಬೊಬ್ಬರೇ ಹೋಗಿದ್ದರೆ ಅಂಥ ಕರಾರು ಸಿಗುವಷ್ಟು ದೊಡ್ಡ ಬೇಡಿಕೆ ಯಾರಲ್ಲೂ ಇರಲಿಲ್ಲ. ಚಿಲಿಯ ಸ್ಯಾಂಟಿಯಾಗೊದಲ್ಲಿ 2018ರ ಕೊನೆಗೆ ಬೀದಿಗಿಳಿದ ಮೊದಲ ನೂರು ವಿದ್ಯುತ್ ಬಸ್ಸುಗಳ ಹಿಂದೆಯೂ ಹೊಣೆಯ ಹಂಚಿಕೆಯಿದೆ: ಬಸ್ಸುಗಳನ್ನು ಕೊಂಡು ಚಾರ್ಜಿಂಗ್ ಕೇಂದ್ರ ಕಟ್ಟಿದ್ದು ವಿದ್ಯುತ್ ಕಂಪನಿ, ಓಡಿಸಿದ್ದು ಸಾರಿಗೆ ನಿರ್ವಾಹಕ ಸಂಸ್ಥೆ, ಬಸ್ಸಿನ ಕಂತು ತಪ್ಪದಂತೆ ನೋಡಿಕೊಂಡದ್ದು ಸಾರಿಗೆ ಪ್ರಾಧಿಕಾರ. ನಿರ್ವಾಹಕರು ಬದಲಾದರೂ ಬಸ್ಸುಗಳು ಆ ನಗರದ ಸೇವೆಯಲ್ಲಿಯೇ ಉಳಿಯುತ್ತವೆ.

ಸರಕು ಸಾಗಣೆಯ ಬಗ್ಗೆ ಒಂದು ಮಾತು ಸಾಕು: ಸಾಕಷ್ಟು ಮುಂಚಿತವಾಗಿ ಹೇಳಿ, ಹೇಳಿದ ಮೇಲೆ ಹಿಂದೆ ಸರಿಯಬೇಡಿ. ನೆದರ್ಲೆಂಡ್ಸ್‌ನಲ್ಲಿ ಸರ್ಕಾರ, ಪೌರಸಂಸ್ಥೆಗಳು ಮತ್ತು ಸಾಗಣೆದಾರರ ಸಂಘಗಳು 2014ರಲ್ಲಿಯೇ ಕೂತು, 2025ರ ಹೊತ್ತಿಗೆ ನಗರ ಕೇಂದ್ರಗಳಿಗೆ ಹೊಗೆರಹಿತ ವಾಹನಗಳಲ್ಲಿ ಸರಕು ತಲುಪಿಸುವ ಗುರಿಗೆ ಸಹಿ ಹಾಕಿದವು. 2025ರ ಜನವರಿಯಿಂದ ಹಲವು ನಗರಗಳಲ್ಲಿ ನಿಯಮ ಜಾರಿಗೆ ಬಂದಾಗ, ಹಳೆಯ ವ್ಯಾನುಗಳಿಗೆ ಇನ್ನೂ ಕೆಲವು ವರ್ಷಗಳ ಅವಕಾಶವಿತ್ತು. ವ್ಯಾನೊಂದರ ಆಯುಷ್ಯದಷ್ಟು ಮುಂಚಿತವಾಗಿ ತಿಳಿಸಿದರೆ, ಹೇಗೂ ಬದಲಿಸಬೇಕಾದ ಹೊತ್ತಿಗೆ ಉದ್ಯಮ ಸರಿಯಾದದ್ದನ್ನೇ ಕೊಳ್ಳುತ್ತದೆ.

ಇನ್ನು ನಿಮ್ಮ ಸದಸ್ಯರ ಆತಂಕ. ಅದು ಆಧಾರವಿಲ್ಲದ್ದಲ್ಲ, ಅದನ್ನು ಯಾರೂ ತಳ್ಳಿಹಾಕಬಾರದು. ಶಿಕಾಗೊ ನಗರ 2008ರ ಡಿಸೆಂಬರ್‌ನಲ್ಲಿ ತನ್ನ ಸುಮಾರು 36,000 ವಾಹನ ನಿಲುಗಡೆ ಮೀಟರುಗಳನ್ನು 75 ವರ್ಷಗಳ ಅವಧಿಗೆ ಖಾಸಗಿ ಹೂಡಿಕೆದಾರರಿಗೆ 115 ಕೋಟಿ ಡಾಲರಿಗೆ ಗುತ್ತಿಗೆ ಕೊಟ್ಟಿತು. ಪ್ರಸ್ತಾವ ನಗರಸಭೆಯ ಮುಂದೆ ಬಂದ ಕೆಲವೇ ದಿನಗಳಲ್ಲಿ ಒಪ್ಪಿಗೆಯಾಯಿತು. ಗುತ್ತಿಗೆಯ ನಿಜವಾದ ಬೆಲೆಗಿಂತ ಸುಮಾರು 97 ಕೋಟಿ ಡಾಲರ್ ಕಡಿಮೆ ಬಂದಿದೆ ಎಂದು ಮರುವರ್ಷ ನಗರದ ತನಿಖಾಧಿಕಾರಿಯೇ ವರದಿ ಕೊಟ್ಟರು. ಹಣದ ನಷ್ಟಕ್ಕಿಂತಲೂ ನನ್ನನ್ನು ಕಾಡುವುದು ಕರಾರಿನ ಇನ್ನೊಂದು ಷರತ್ತು: ನಗರ ಯಾವುದೇ ಕಾರಣಕ್ಕೆ ನಿಲುಗಡೆ ಜಾಗವನ್ನು ತೆಗೆದರೆ ಕಂಪನಿಗೆ ಪರಿಹಾರ ಕೊಡಬೇಕು. ಸೈಕಲ್ ಪಥಕ್ಕಾಗಲಿ ಬಸ್ ಪಥಕ್ಕಾಗಲಿ ರಸ್ತೆಯ ಅಂಚನ್ನು ಬಿಡಿಸಿಕೊಳ್ಳಲು ಹೊರಟರೆ ಮೊದಲು ಎದುರಾಗುವುದು ಈ ಲೆಕ್ಕ. ಇನ್ನೂ ಹುಟ್ಟದ ತಲೆಮಾರಿನ ರಸ್ತೆ ಹೇಗಿರಬೇಕೆಂಬ ನಿರ್ಧಾರವನ್ನು ಆ ಸಹಿ ಮಾರಿಬಿಟ್ಟಿತು. ಪ್ಯಾರಿಸ್ಸಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಸ್ಥಿತಿಯಿತ್ತು. 1985ರಲ್ಲಿ ಅಲ್ಲಿ ಕುಡಿಯುವ ನೀರಿನ ವಿತರಣೆಯನ್ನು ಖಾಸಗಿ ಕಂಪನಿಗಳಿಗೆ ಕೊಟ್ಟ ಕರಾರು 25 ವರ್ಷಗಳದ್ದು. ಅದು ಮುಗಿದಾಗ ನಗರ ಬೇರೆ ತೀರ್ಮಾನಕ್ಕೆ ಬರುವ ಸ್ವಾತಂತ್ರ್ಯ ಉಳಿಸಿಕೊಂಡಿತ್ತು, ಮತ್ತು 2010ರಿಂದ ಸೇವೆಯನ್ನು ತನ್ನದೇ ಸಂಸ್ಥೆಗೆ ವಹಿಸಿತು.

ಆದ್ದರಿಂದ ಬಿಟ್ಟುಕೊಡಬಾರದದ್ದು ಮುಂದಿನ ನಿರ್ಧಾರದ ಹಕ್ಕು. ಯಂತ್ರವನ್ನು ಯಾರು ಕೊಳ್ಳಬೇಕು, ಯಾರು ನಡೆಸಬೇಕು ಎಂಬುದರಲ್ಲಿ ಹೊಂದಾಣಿಕೆ ಮಾಡಿಕೊಳ್ಳಿ. ರಸ್ತೆ, ನೀರಿನ ಮೂಲ, ದರ ನಿಗದಿ ಮತ್ತು ಅಂಕಿಅಂಶಗಳ ಒಡೆತನದಲ್ಲಿ ಮಾಡಿಕೊಳ್ಳಬೇಡಿ. ಕರಾರಿನ ಅವಧಿ ಆ ಯಂತ್ರದ ಆಯುಷ್ಯವನ್ನು ಮೀರದಿರಲಿ. ಬೇಡಿಕೆ ಕಡಿಮೆಯಾದರೆ ನಗರ ಹಣ ತುಂಬಿಕೊಡಬೇಕು ಎಂಬ ಷರತ್ತನ್ನು ವಿಶೇಷವಾಗಿ ನೋಡಿ: ಕನಿಷ್ಠ ಇಷ್ಟು ಟನ್ ಕಸ ಕೊಡುತ್ತೇವೆಂದು ಸುಡುವ ಘಟಕಕ್ಕೆ ಭರವಸೆ ಕೊಟ್ಟ ನಗರ, ಆಮೇಲೆ ಕಸ ಕಡಿಮೆ ಮಾಡಲು ತಾನೇ ಹಿಂಜರಿಯುವ ಸ್ಥಿತಿಗೆ ಬರುತ್ತದೆ. ಕರಾರಿನ ಪೂರ್ಣ ಪಠ್ಯ ಸಹಿಗೆ ಸಾಕಷ್ಟು ಮೊದಲೇ ಸಾರ್ವಜನಿಕರ ಮುಂದಿರಲಿ. ಸಲಹಾ ಸಮಿತಿಯಲ್ಲಿ ಕೂತ ಕಂಪನಿ ಅದೇ ಸಮಿತಿ ರೂಪಿಸಿದ ಟೆಂಡರಿನಲ್ಲಿ ಭಾಗವಹಿಸದಂತೆ ನಿಯಮವಿರಲಿ. ಇವೆಲ್ಲ ಅಪನಂಬಿಕೆಯ ಕುರುಹುಗಳಲ್ಲ. ಪ್ರಾಮಾಣಿಕ ಕಂಪನಿಗೆ ಇಂಥ ನಿಯಮಗಳೇ ಆಸರೆ, ಏಕೆಂದರೆ ನಿಯಮವಿಲ್ಲದ ಕಡೆ ಪರಿಚಯವಿದ್ದವರು ಗೆಲ್ಲುತ್ತಾರೆ.

ಸಣ್ಣ ಉದ್ಯಮಗಳನ್ನು ಈ ಕೆಲಸದಲ್ಲಿ ಮರೆಯುವುದು ಬಹಳ ಸಾಮಾನ್ಯ. ಸಂಘದ ಸಭೆಗೆ ಬರುವವರು ದೊಡ್ಡವರು. ಬೇಕರಿ, ಲಾಂಡ್ರಿ, ಸಣ್ಣ ವರ್ಕ್‌ಶಾಪ್ ನಡೆಸುವವರಿಗೆ ಸಭೆಗೆ ಬರಲು ಪುರುಸೊತ್ತಿಲ್ಲ, ವರದಿ ಬರೆಯಲು ಸಿಬ್ಬಂದಿಯಿಲ್ಲ. ಅವರಿಂದ ವರದಿ ಕೇಳಬೇಡಿ; ಅವರ ಬಳಿಗೆ ತಂತ್ರಜ್ಞರೊಬ್ಬರನ್ನು ಕಳಿಸಿ, ಬಾಯ್ಲರ್, ಶೀತಲಪೆಟ್ಟಿಗೆ, ದೀಪ, ನಲ್ಲಿಗಳನ್ನು ಪರೀಕ್ಷಿಸಿ, ಯಾವ ಬದಲಾವಣೆಗೆ ಎಷ್ಟು ಖರ್ಚು, ಎಷ್ಟು ತಿಂಗಳಲ್ಲಿ ಮರಳಿ ಬರುತ್ತದೆ ಎಂದು ಒಂದೇ ಹಾಳೆಯಲ್ಲಿ ಬರೆದುಕೊಡಲು ಹೇಳಿ. ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರಾದ ಸಣ್ಣ ಘಟಕಗಳಿಗೆ ಇಂಥ ನೆರವು ಕೊಡುವುದನ್ನು ಒಡಂಬಡಿಕೆಯ ಭಾಗವಾಗಿಯೇ ಕೇಳಬಹುದು. ಉದ್ಯಾನದ ದತ್ತುವಿಗೆ ಮೀಸಲಿಟ್ಟ ಹಣವನ್ನು ಅವರು ಇತ್ತ ತಿರುಗಿಸಿದರೆ ಇನ್ನೂ ಒಳ್ಳೆಯದು.

ಮುಂದಿನ ಸಭೆಗೆ ಈಗಿರುವ ಒಡಂಬಡಿಕೆಯನ್ನು ಬದಿಗಿಟ್ಟು ಮೂರು ವಿಷಯಗಳನ್ನು ಒಯ್ಯಿರಿ ಎನ್ನುವುದು ನನ್ನ ಸಲಹೆ. ನಗರದಲ್ಲಿ ಅತಿ ಹೆಚ್ಚು ವಿದ್ಯುತ್ ಮತ್ತು ನೀರು ಬಳಸುವ ಐವತ್ತು ಕಟ್ಟಡ ಹಾಗೂ ಘಟಕಗಳ ಪಟ್ಟಿ. ಅವುಗಳಲ್ಲಿ ಸಂಘದ ಸದಸ್ಯರಾಗಿರುವವರು ಕಳೆದ ಮೂರು ವರ್ಷಗಳ ತಿಂಗಳವಾರು ಬಳಕೆಯನ್ನು ಒಂದೇ ನಮೂನೆಯಲ್ಲಿ ಕೊಡುವ ಲಿಖಿತ ಒಪ್ಪಿಗೆಯ ಕರಡು. ಮತ್ತು ಅದಕ್ಕೆ ಪ್ರತಿಯಾಗಿ ನಗರ ಏನು ಮಾಡುತ್ತದೆ, ಅಂದರೆ ಯಾವ ಕೊಳವೆ, ಯಾವ ನಿಯಮದ ಬದಲಾವಣೆ, ಯಾವ ಶುಲ್ಕದ ರಿಯಾಯಿತಿ, ಯಾವ ದಿನಾಂಕದೊಳಗೆ ಎಂಬ ಬರಹ. ಈ ಮೂರನೆಯದು ಇಲ್ಲದೆ ಮೊದಲೆರಡನ್ನು ಕೇಳಲು ಹೋಗಬೇಡಿ. ಜೊತೆಗೆ, ಇದೊಂದೇ ಕೆಲಸವನ್ನು ನೋಡಿಕೊಳ್ಳುವ, ಮೂರು ವರ್ಷವಾದರೂ ವರ್ಗಾವಣೆಯಾಗದ, ವಿದ್ಯುತ್ ಬಿಲ್ಲನ್ನೂ ಬಾಡಿಗೆ ಕರಾರನ್ನೂ ಓದಬಲ್ಲ ಅಧಿಕಾರಿಯೊಬ್ಬರನ್ನು ನೇಮಿಸಲು ನಿಮ್ಮ ಆಯುಕ್ತರನ್ನು ಈಗಲೇ ಒಪ್ಪಿಸಿ. ಅಂಕಿಅಂಶಗಳು ಬರತೊಡಗಿದ ಮೇಲೆ ಹುಡುಕಿದರೆ ತಡವಾಗುತ್ತದೆ.